ಉತ್ಕರ್ಷಣ

ಹತ್ತನೆಯ ತನಕ ನಾಗಣಸೂರಿನ ಕನ್ನಡ ಶಾಲೆಯಲ್ಲಿ
ಆಮ್ಲಕ್ಕೆ ಎದುರು ನಿಂತದ್ದು ಪ್ರತ್ಯಾಮ್ಲ.
ಸೋಲಾಪುರದ ಕಾಲೇಜಿಗೆ ಬಂದಮೇಲೆ
ಮೇಡಂ ಬೋರ್ಡಿನಲ್ಲಿ ಬೇಸ್ ಎಂದು ಬರೆದು
ಮರಾಠಿಯಲ್ಲಿ ಆಮ್ಲಾರಿ ಎಂದು ಬಿಡಿಸಿ ಹೇಳಿದರು.
ಆಮ್ಲದ ಅರಿ. ವೈರಿ.
ನನ್ನ ಪುಸ್ತಕದಲ್ಲಿ ಅವರು ಬರೀ ಎದುರುಮನೆಯವರಾಗಿದ್ದರು.

ಮೊದಲ ಸೆಮಿಸ್ಟರು. ಸೋಮವಾರ, ಗುರುವಾರ ಪ್ರಾಕ್ಟಿಕಲ್.
ಯಾರೋ ತೊಟ್ಟು ಬಿಟ್ಟ ಏಪ್ರನ್ನು, ತೋಳು ಉದ್ದ,
ಜೇಬಿನ ಮೇಲೆ ಬೇರೆಯವಳ ಹೆಸರಿನ ಕಸೂತಿ: ಮೃಣ್ಮಯಿ.
ಲ್ಯಾಬಿನ ಅಟೆಂಡರು ಹಾಗೇ ಕರೆಯುತ್ತಾನೆ.
ಸುಗಲಾ ಎಂದು ತಿದ್ದಲು ಹೋಗದೆ ನಾನೂ ಓಗೊಡುತ್ತೇನೆ.

ಬ್ಯುರೆಟ್ಟಿನ ನಲ್ಲಿ ಸಡಿಲ.
ಒಂದು ಹನಿ ಜಾಸ್ತಿಯಾದರೆ ಫ್ಲಾಸ್ಕಿನ ತುಂಬ ಓಕುಳಿ.
ಮೇಡಂಗೆ ಬೇಕಾದದ್ದು
ಬಿಳಿ ಕಾಗದದ ಮೇಲಿಟ್ಟು ನೋಡಿದರೂ
ಇದೆಯೋ ಇಲ್ಲವೋ ಅನ್ನುವಂಥ ಗುಲಾಬಿ.
ಮೊದಲ ಸಲ ಹತ್ತು ಬಿಂದು ಎರಡು.
ಎರಡನೆಯ ಸಲ ಹತ್ತು ಬಿಂದು ಏಳು.
ಮೂರನೆಯದನ್ನು ನಾವು ಮಾಡಲೇ ಇಲ್ಲ.
ಗಂಟೆ ಹೊಡೆಯಿತು.
ತಬಸ್ಸುಮ್ ಏಳನ್ನು ತಿದ್ದಿ ಎರಡು ಮಾಡಿದಳು,
ನಾನು ಅದರ ಕೆಳಗೆ ಇನ್ನೊಂದು ಎರಡು ಇಳಿಸಿದೆ.
ಮೇಡಂ ಸಹಿ ಹಾಕಿದರು. ಕೆಂಪು ಶಾಯಿ. ವೆರಿ ಗುಡ್.

ಆ ವಾರವೇ ಇನ್ನೊಂದು ಪಾಠ:
ಎಲೆಕ್ಟ್ರಾನು ಕಳಕೊಂಡರೆ ಆಕ್ಸಿಡೇಷನ್,
ಪಡಕೊಂಡರೆ ರಿಡಕ್ಷನ್.
ರಾತ್ರಿ ಟ್ರಂಕಿನಿಂದ ಹಳೆಯ ಪುಸ್ತಕ ತೆಗೆದು ನೋಡಿದೆ.
ಕಳಕೊಳ್ಳುವುದು ಉತ್ಕರ್ಷಣ.
ಪಡೆಯುವುದು ಅಪಕರ್ಷಣ.
ಅಚ್ಚಿನ ತಪ್ಪು ಅಂದುಕೊಂಡೆ.
ಕೈಬಿಟ್ಟು ಹೋದದ್ದಕ್ಕೆ ಏಳಿಗೆ ಅಂತ
ಯಾರಾದರೂ ಹೆಸರಿಡುತ್ತಾರೆಯೇ?

ಮರುದಿನ ಅಪ್ಪನಿಗೆ ಬುತ್ತಿ ಒಯ್ದೆ,
ಅಕ್ಕಲಕೋಟ ರಸ್ತೆಯ ಎಂಐಡಿಸಿಗೆ,
ನೂಲಿಗೆ ಬಣ್ಣ ಕಟ್ಟುವ ಶೆಡ್ಡಿಗೆ.
ಬಾಗಿಲಲ್ಲೇ ಹೈಡ್ರೋಸಿನ ವಾಸನೆ:
ಗೀರಿದ ಕಡ್ಡಿ ಮೂಗಿನೊಳಗೇ ಆರಿದ ಹಾಗೆ.
ನಮ್ಮ ಕೋಣೆಯ ತಲೆದಿಂಬಿಗೂ ಅದೇ ವಾಸನೆ.

ಅಪ್ಪ ಓದಿದ್ದು ನಾಲ್ಕನೆಯ ಇಯತ್ತೆ.
ಕಾಸ್ಟಿಕ್ಕನ್ನು ಡಾಲ್ಡಾ ಡಬ್ಬಿಯಲ್ಲಿ ಅಳೆಯುತ್ತಾನೆ,
ಬಿಸಿಯನ್ನು ಮುಂಗೈಯ ಕೂದಲಲ್ಲಿ.
ತೊಟ್ಟಿಯಲ್ಲಿದ್ದದ್ದು ನೀಲಿಯೇ ಅಲ್ಲ,
ಹಳಸಿದ ಪುಂಡಿಪಲ್ಲೆಯ ಬಣ್ಣ.
"ನೀಲಿ ಎಲ್ಲೈತಪ್ಪಾ?"
"ತಡೀ. ಇನ್ನಾ ಗಾಳಿ ಕುಡದಿಲ್ಲದು."

ಕೋಲಿಗೆ ಸುತ್ತಿದ ಲಡಿ ಎತ್ತಿ, ಹಿಂಡಿ,
ಅಡ್ಡಗಳಕ್ಕೆ ಹರವಿದ.
ನೋಡನೋಡುತ್ತ
ಅಂಚಿನಿಂದ ಹಸಿರು, ಹಸಿರಿನೊಳಗಿಂದ ನೀಲಿ,
ಯಾರೂ ಏನೂ ಸುರಿಯದೆ.
ಗಾಳಿ ಅದರದೊಂದಿಷ್ಟು ಕಸಿದುಕೊಂಡಿತು, ಅಷ್ಟೆ.
ಬಣ್ಣ ಬಂತು. ಇನ್ನು ತೊಳೆದರೂ ಹೋಗದು.

"ಅಪ್ಪಾ, ಇದಕ್ಕ ಉತ್ಕರ್ಷಣ ಅಂತಾರ."
"ಅನ್ನಲಿ. ನೀ ಲಡಿ ಹೊಳ್ಳಿಸು,
ಒಂದ ಮಗ್ಗಲಿಗೆ ಗಾಳಿ ಬಡದ್ರ ಪಟ್ಟಿ ಬೀಳತಾವು."
ಹೊಳ್ಳಿಸಿದೆ.
ಮಾದರಿಯ ಎಳೆಯನ್ನು ಪಕ್ಕಕ್ಕೆ ಹಿಡಿದು,
ಬಾಗಿಲಿನ ಬೆಳಕಿಗೆ ಒಯ್ದು, ಕಣ್ಣು ಕಿರಿದು ಮಾಡಿ,
ನನಗೆ ಕಾಣದ ಏನೋ ಕಮ್ಮಿ ಕಂಡು
ಅಷ್ಟನ್ನೂ ಮತ್ತೆ ತೊಟ್ಟಿಗೆ ಇಳಿಸಿದ.
ಭೋಂಗಾ ಆಗಲೇ ಆಗಿಹೋಗಿತ್ತು.
ಬುತ್ತಿ ಬಿಚ್ಚಿರಲಿಲ್ಲ.
ಅದು ಮೂರನೆಯ ಸಲ ಎಂದು ಆಮೇಲೆ ತಿಳಿಯಿತು.

ಗುರುವಾರ ಬ್ಯುರೆಟ್ಟು ತೊಳೆಯುತ್ತ ತಬಸ್ಸುಮ್‌ಗೆ ಹೇಳಿದೆ,
"ಮೊನ್ನಿಂದು ಇನ್ನೊಮ್ಮಿ ಮಾಡೂಣು."
"ಸಹಿ ಆಗೇತಲ್ಲ, ಹುಚ್ಚಿ," ಅಂದಳು,
ಅನ್ನುತ್ತಲೇ ಫ್ಲಾಸ್ಕಿನ ಕೆಳಗೆ ಬಿಳಿ ಕಾಗದ ಸರಿಸಿದಳು.
ಹನಿ. ಹನಿ. ಅರ್ಧ ಹನಿ,
ಕೊಳವೆಯ ತುದಿಯಲ್ಲಿ ತೂಗಿ, ಗಾಜಿಗೆ ತಾಗಿ.

ಹತ್ತು ಬಿಂದು ನಾಲ್ಕು.
ಅವಳ ಏಳಲ್ಲ, ನಮ್ಮ ಎರಡೂ ಅಲ್ಲ.
ಬರೆದುಕೊಳ್ಳುವಷ್ಟರಲ್ಲಿ ಗುಲಾಬಿ ಗಾಳಿಗೆ ಆರಿಹೋಯಿತು,
ಉಗುರಿನ ಸಂದಿಯ ನೀಲಿ ಮಾತ್ರ ಹಾಗೇ ಇತ್ತು.
ರೆಕಾರ್ಡು ಪುಸ್ತಕದಲ್ಲಿ ಈಗಲೂ ಇದೆ,
ಕೆಂಪು ಸಹಿಯ ಕೆಳಗೆ, ಪೆನ್ಸಿಲ್ಲಿನಲ್ಲಿ.